ಗ್ರೌಂಡ್ ಸೋರ್ಸ್ ಹೀಟ್ ಪಂಪ್: ಕಂಟ್ರೋಲರ್‌ನಲ್ಲಿ ಸಿಒಪಿ 4.6, ಕರೆಂಟ್ ಲೆಕ್ಕ ಮಾತ್ರ ತಾಳೆಯಾಗುತ್ತಿಲ್ಲ. ಏನನ್ನು, ಎಲ್ಲಿ ಅಳೆಯಬೇಕು?

ನೆಲಬಿಸಿ ಕೇಳಿದ್ದು:

ಮೊದಲು ಸಿಸ್ಟಂ ವಿವರ. 9 ಕಿಲೋವ್ಯಾಟ್ ಹೀಟ್ ಪಂಪ್ (ನೆಲದ ಶಾಖ ಎಳೆದು ಮನೆ ಬಿಸಿ ಮಾಡುವ ಯಂತ್ರ), ಫಿಕ್ಸೆಡ್ ಸ್ಪೀಡ್ ಕಂಪ್ರೆಸರ್. (ಬ್ರೈನ್, ಅಂದರೆ ನೆಲದ ಪೈಪಿನಲ್ಲಿ ಸುತ್ತುವ ದ್ರವ, 0 ಡಿಗ್ರಿ, ನೀರು 35 ಡಿಗ್ರಿ ಇದ್ದಾಗಿನ ರೇಟಿಂಗ್ ಇದು.) ತಲಾ 100 ಮೀಟರ್ ಆಳದ ಎರಡು ಬೋರ್, ಎರಡರಲ್ಲೂ 40 ಮಿ.ಮೀ. ಪಿಇ ಪೈಪಿನ ಒಂಟಿ ಯು-ಲೂಪ್. ಒಳಗೆ ಶೇ 25ರ ಪ್ರೊಪಿಲೀನ್ ಗ್ಲೈಕಾಲ್. ಬ್ರೈನ್ ಪಂಪ್ 140 ವ್ಯಾಟ್, ಒಂದೇ ವೇಗದ್ದು. ಮನೆಯೊಳಗೆ ನೆಲದಡಿ ಪೈಪ್, 50 ಲೀಟರ್ ಬಫರ್ (ಬಿಸಿನೀರು ಕೂಡಿಡುವ ತೊಟ್ಟಿ), ಬಳಕೆಯ ಬಿಸಿನೀರಿಗೆ 200 ಲೀಟರ್ ಟ್ಯಾಂಕ್, ಅದರಲ್ಲಿ ಇಮ್ಮರ್ಶನ್ ಹೀಟರ್.

ಕಂಟ್ರೋಲರ್ ಪರದೆ ಸಿಒಪಿ (ಕೊಟ್ಟ ಶಾಖವನ್ನು ತಿಂದ ಕರೆಂಟಿನಿಂದ ಭಾಗಿಸಿದ್ದು) 4.6 ಎನ್ನುತ್ತದೆ. ತಿಂಗಳ ಯೂನಿಟ್ ನೋಡಿದರೆ ಅಷ್ಟು ಚೆನ್ನಾಗಿ ಓಡುತ್ತಿದೆ ಅಂತ ನಂಬುವುದು ಕಷ್ಟ. ಸದ್ಯಕ್ಕೆ ಇರುವ ಅಳತೆ ಸಾಧನ ಇಷ್ಟೇ: ಪೈಪಿಗೆ ಕಟ್ಟಿದ ನಾಲ್ಕು ಡಿಎಸ್18ಬಿ20 ಉಷ್ಣಾಂಶ ಸೆನ್ಸರ್, ಮುಖ್ಯ ವೈರಿಗೆ ಹಾಕಿದ ಒಂದು ಸಿಟಿ ಕ್ಲಾಂಪ್ (ವೈರಿನ ಕರೆಂಟ್ ಅಳೆಯುವ ಬಳೆ).

ಕೇಳಬೇಕಾದ್ದು ಮೂರು. 4.6 ಎಲ್ಲಿಂದ ಬರುತ್ತದೆ? ನಂಬಬಹುದಾದ ಅಳತೆಗೆ ಕನಿಷ್ಠ ಯಾವ ಮೀಟರ್‌ಗಳು ಬೇಕು, ಯಾವ ಜಾಗದಲ್ಲಿ? ಡೇಟಾ ಬಂದ ಮೇಲೆ ಅದರಲ್ಲಿ ನಿಜವಾಗಿ ನೋಡಬೇಕಾದ್ದೇನು?

---

ಅಳತೆಗೋಲು ಉತ್ತರ:

ಆ 4.6 ಅಳೆದದ್ದಲ್ಲ, ಹೆಚ್ಚಿನ ಯಂತ್ರಗಳಲ್ಲಿ ಅದು ಅಂದಾಜು. ಒಳಗೆ ಹರಿವಿನ ಮೀಟರ್ ಇಲ್ಲದ ಯಂತ್ರ, ಕಂಪ್ರೆಸರ್ ತಯಾರಕರ ಕೋಷ್ಟಕವನ್ನೂ ಆ ಕ್ಷಣದ ಉಷ್ಣಾಂಶ ಅಥವಾ ಒತ್ತಡವನ್ನೂ ಇಟ್ಟುಕೊಂಡು ಶಾಖವನ್ನು ಲೆಕ್ಕ ಹಾಕುತ್ತದೆ. ಕೋಷ್ಟಕ ಹೊಸ ಯಂತ್ರದ್ದು. ಬ್ರೈನ್ ಹರಿವು ಕಡಿಮೆಯಾದರೂ ಗ್ಯಾಸ್ ಸೋರಿದರೂ ಅದರ ಪ್ರಕಾರ ಎಲ್ಲ ಸರಿಯಾಗಿಯೇ ಇರುತ್ತದೆ. ಸಾಲದ್ದಕ್ಕೆ ಪಂಪ್‌ಗಳ ಕರೆಂಟ್, ಹೀಟರ್ ಕರೆಂಟ್ ಆ ಲೆಕ್ಕದಲ್ಲಿ ಸೇರಿರುವುದೇ ಅಪರೂಪ.

ಅದಕ್ಕೇ ಮೀಟರ್ ಕೊಳ್ಳುವ ಮೊದಲು ಗಡಿ ಎಲ್ಲಿ ಎಂದು ತೀರ್ಮಾನ ಮಾಡಿಕೊಳ್ಳಿ. ಗಡಿ ಹೇಳದೆ ಸಿಒಪಿ ಹೇಳಿದರೆ ಎರಡು ಮನೆಯ ಸಂಖ್ಯೆಯನ್ನು ಹೋಲಿಸಲೂ ಆಗುವುದಿಲ್ಲ. ಯುರೋಪಿನ ಸೆಪೆಮೊ ಯೋಜನೆಯವರು ಮಾಡಿಟ್ಟ ಎಚ್1ರಿಂದ ಎಚ್4ರವರೆಗಿನ ಗಡಿಗಳೇ ಈಗ ರೂಢಿಯಲ್ಲಿವೆ. ಎಚ್1 ಎಂದರೆ ಹೀಟ್ ಪಂಪ್ ಮಾತ್ರ. ಎಚ್2ಗೆ ನೆಲದ ಕಡೆಯ ಪಂಪ್ ಸೇರುತ್ತದೆ. ಎಚ್3ಕ್ಕೆ ಬ್ಯಾಕಪ್ ಹೀಟರ್. ಎಚ್4ಕ್ಕೆ ಮನೆಯೊಳಗಿನ ಸರ್ಕ್ಯುಲೇಶನ್ ಪಂಪ್‌ಗಳೂ ಸೇರುತ್ತವೆ. (ದೊಡ್ಡ ಕಟ್ಟಡಗಳದ್ದಾದರೆ ಇದನ್ನೇ ವಿಸ್ತರಿಸಿದ ಐಇಎ (ಅಂತರರಾಷ್ಟ್ರೀಯ ಇಂಧನ ಸಂಸ್ಥೆ) ಹೀಟ್ ಪಂಪ್ ಕಾರ್ಯಕ್ರಮದ ಆನೆಕ್ಸ್ 52 ಮಾರ್ಗಸೂಚಿ ನೋಡಿ.)

ನಿಮ್ಮಷ್ಟೇ ಗಾತ್ರದ ಯಂತ್ರಕ್ಕೆ ಒಂದು ತಿಂಗಳ ಲೆಕ್ಕ ಹಾಕಿ ತೋರಿಸುತ್ತೇನೆ. 280 ಗಂಟೆ ಓಡಿ 2400 ಯೂನಿಟ್ ಶಾಖ ಕೊಟ್ಟಿದೆ, ಕಂಪ್ರೆಸರ್ 560 ಯೂನಿಟ್ ತಿಂದಿದೆ ಎಂದುಕೊಳ್ಳಿ. ಎಚ್1 = 2400/560 = 4.29. ಬ್ರೈನ್ ಪಂಪ್ 0.14 × 280 = 39 ಯೂನಿಟ್ ಸೇರಿಸಿದರೆ ಎಚ್2 = 2400/599 = 4.01. ಹೀಟರ್ 60 ಯೂನಿಟ್ ಓಡಿದ್ದರೆ ಅದನ್ನು ಮೇಲೂ ಕೆಳಗೂ ಸೇರಿಸಬೇಕು: ಎಚ್3 = 2460/659 = 3.73. 50 ವ್ಯಾಟ್‌ನ ಸರ್ಕ್ಯುಲೇಶನ್ ಪಂಪ್ ಹಗಲೂ ರಾತ್ರಿ ಓಡಿ 36 ಯೂನಿಟ್ ಆಗಿದ್ದರೆ ಎಚ್4 = 2460/695 = 3.54. ಯಂತ್ರ ಒಂದೇ, ತಿಂಗಳು ಒಂದೇ, ಆದರೂ 4.29 ಮತ್ತು 3.54 ಎರಡೂ ನಿಜ.

ಕನಿಷ್ಠ ಬೇಕಾದ್ದು: ಬಿಸಿನೀರಿನ ಕಡೆ ಒಂದು ಹೀಟ್ ಮೀಟರ್ (ಹರಿವು ಮತ್ತು ಎರಡು ಕಡೆಯ ಉಷ್ಣಾಂಶದಿಂದ ಶಾಖ ಎಣಿಸುವಂಥದ್ದು), ಹೀಟ್ ಪಂಪ್ ಮತ್ತು ಬ್ರೈನ್ ಪಂಪ್ ಸೇರಿ ಒಂದು ಎನರ್ಜಿ ಮೀಟರ್, ಹೀಟರ್‌ಗೆ ಪ್ರತ್ಯೇಕ ಎನರ್ಜಿ ಮೀಟರ್. ಹೀಟರ್‌ನದ್ದು ದಯವಿಟ್ಟು ಬಿಡಬೇಡಿ. ಗೊತ್ತಿಲ್ಲದೆ ಓಡುವ ಹೀಟರ್‌ನಷ್ಟು ಸಿಒಪಿ ಕೆಡಿಸುವುದು ಇನ್ನೊಂದಿಲ್ಲ.

ಹೀಟ್ ಮೀಟರ್ ಜಾಗ: ಹೀಟ್ ಪಂಪಿನಿಂದ ಹೊರಬಂದು ಮೂರು ದಾರಿಯ ವಾಲ್ವ್ ತಲುಪುವ ಮೊದಲು. ಆಗ ನೆಲದಡಿ ಪೈಪಿಗೆ ಹೋದದ್ದೂ ಟ್ಯಾಂಕಿಗೆ ಹೋದದ್ದೂ ಒಂದೇ ಮೀಟರಿನಲ್ಲಿ ಸಿಗುತ್ತದೆ. ವಾಲ್ವ್ ಯಾವ ಕಡೆ ಇದೆ ಎನ್ನುವ ಸಿಗ್ನಲ್ಲನ್ನೂ ದಾಖಲಿಸಿಕೊಂಡರೆ ಆಮೇಲೆ ಎರಡನ್ನೂ ಬೇರ್ಪಡಿಸಬಹುದು. ಕೆಲವು ಯಂತ್ರಗಳಲ್ಲಿ ಬ್ಯಾಕಪ್ ಹೀಟರ್ ಸಪ್ಲೈ (ಯಂತ್ರದಿಂದ ಮನೆಗೆ ಹೋಗುವ) ಪೈಪಿನಲ್ಲೇ ಕೂತಿರುತ್ತದೆ. ಅಲ್ಲಿ ಮೀಟರ್ ಹೀಟರ್‌ನ ಆಚೆ ಇದ್ದರೆ ಅದರ ಶಾಖವೂ ಎಣಿಕೆಯಾಗುತ್ತದೆ, ಎಚ್2 ತೆಗೆಯುವಾಗ ಕಳೆಯಲೇಬೇಕು.

---

ಬೋರ್‌ಲೂಪ್ ಉತ್ತರ:

ಗಡಿಯ ಮಾತು ಅಳತೆಗೋಲು ಅವರು ಹೇಳಿದ್ದಾರೆ. ನಾನು ಸೆನ್ಸರ್ ಮತ್ತು ಪೈಪಿನ ಮಾತು ಹೇಳುತ್ತೇನೆ, ಏಕೆಂದರೆ ಎಷ್ಟು ಒಳ್ಳೆಯ ಮೀಟರ್ ತಂದರೂ ಕೂಡಿಸುವುದರಲ್ಲಿ ಕೆಟ್ಟುಹೋಗುತ್ತದೆ.

ಸೂತ್ರ ಸುಲಭ. ಗಂಟೆಗೆ 1 ಘನ ಮೀಟರ್ ನೀರು 1 ಡಿಗ್ರಿ ಬದಲಾದರೆ 1.16 ಕಿಲೋವ್ಯಾಟ್. ನಿಮ್ಮ ಯಂತ್ರ 8.6 ಕಿಲೋವ್ಯಾಟ್ ಕೊಡುವಾಗ 5 ಡಿಗ್ರಿ ಡೆಲ್ಟಾ-ಟಿ (ಹೋಗುವ ಮತ್ತು ಬರುವ ನೀರಿನ ಉಷ್ಣಾಂಶದ ವ್ಯತ್ಯಾಸ) ಬೇಕಾದರೆ ಹರಿವು ಗಂಟೆಗೆ 1.48 ಘನ ಮೀಟರ್, ಅಂದರೆ ನಿಮಿಷಕ್ಕೆ ಸುಮಾರು 25 ಲೀಟರ್. ಹರಿವಿನಲ್ಲಿ ಶೇ 2 ತಪ್ಪಿದರೆ ಶಾಖದಲ್ಲೂ ಶೇ 2 ತಪ್ಪು, ಅದನ್ನು ಸಹಿಸಬಹುದು. ಆದರೆ ಎರಡು ಸೆನ್ಸರ್‌ಗಳ ನಡುವೆ 0.3 ಡಿಗ್ರಿ ಹೊಂದಾಣಿಕೆ ತಪ್ಪಿದರೆ 5 ಡಿಗ್ರಿಯಲ್ಲಿ ಶೇ 6 ತಪ್ಪು. ಬ್ರೈನ್ ಕಡೆ ಡೆಲ್ಟಾ-ಟಿ 3 ಡಿಗ್ರಿ, ಅಲ್ಲಿ ಅದೇ 0.3 ಎಂದರೆ ಶೇ 10. ಡಿಎಸ್18ಬಿ20ರ ನಿಖರತೆ ಒಂದೊಂದಕ್ಕೆ ±0.5 ಡಿಗ್ರಿ. ಎರಡು ಸೆನ್ಸರ್ ಎದುರುಬದುರು ದಿಕ್ಕಿಗೆ ತಪ್ಪಿದರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಹಾಗಂತ ಅವನ್ನು ಎಸೆಯಬೇಡಿ. ಜೋಡಿ ಮಾಡಿ. ಒಂದು ಥರ್ಮಾಸ್ ಫ್ಲಾಸ್ಕಿಗೆ ನೀರು ತುಂಬಿ. ನಾಲ್ಕೂ ಸೆನ್ಸರ್‌ಗಳ ತುದಿ ಒಂದಕ್ಕೊಂದು ತಾಗುವಂತೆ ದಾರದಿಂದ ಬಿಗಿದು, ನೀರಿನ ನಡುಮಟ್ಟಕ್ಕೆ ಇಳಿಬಿಡಿ, ತಳಕ್ಕೆ ತಾಗಬಾರದು. ಬಾಯಿಗೆ ಬಟ್ಟೆ ತುರುಕಿ. ಆಗಾಗ ಫ್ಲಾಸ್ಕ್ ಅಲ್ಲಾಡಿಸುತ್ತ 15 ನಿಮಿಷ ಬಿಟ್ಟು, ಆಮೇಲಿನ 5 ನಿಮಿಷದ ಸರಾಸರಿ ತೆಗೆದುಕೊಳ್ಳಿ. 5, 20, 40 ಡಿಗ್ರಿ, ಹೀಗೆ ಮೂರು ಕಡೆ ಮಾಡಿ. ಒಂದನ್ನು ಆಧಾರ ಅಂತ ಇಟ್ಟುಕೊಂಡು ಉಳಿದವುಗಳ ವ್ಯತ್ಯಾಸವನ್ನು ಸಾಫ್ಟ್‌ವೇರಿನಲ್ಲಿ ಕಳೆಯಿರಿ. ಇಲ್ಲಿ ನಿಜವಾದ ಉಷ್ಣಾಂಶ ಎಷ್ಟು ಅನ್ನುವುದು ಮುಖ್ಯವಲ್ಲ, ನಾಲ್ಕೂ ಒಂದೇ ಮಾತು ಹೇಳುವುದು ಮುಖ್ಯ. ಇನ್ನೊಂದು: ಕರೆಂಟ್ ಹೋಗಿ ಬಂದಾಗ ಈ ಸೆನ್ಸರ್ ಸರಿಯಾಗಿ 85.0 ಎಂದು ಓದುತ್ತದೆ, ಅದು ಅದರ ಆರಂಭಿಕ ಮೌಲ್ಯ. ದಾಖಲೆಗೆ ಹೋಗುವ ಮೊದಲೇ ಸೋಸಿಬಿಡಿ.

ಪೈಪಿನ ಹೊರಮೈಗೆ ಕಟ್ಟುವುದಾದರೆ ತಾಮ್ರದ ಪೈಪಿಗೆ ಮಾತ್ರ. ಬಣ್ಣ ಕೆರೆದು, ಥರ್ಮಲ್ ಪೇಸ್ಟ್ ಹಚ್ಚಿ, ಸೆನ್ಸರ್ ವೈರನ್ನು ಪೈಪಿಗೇ ಎರಡು ಸುತ್ತು ಸುತ್ತಿ, ಎರಡೂ ಕಡೆಗೆ 15 ಸೆಂ.ಮೀ. ಇನ್ಸುಲೇಶನ್ ಹಾಕಿ. ವೈರನ್ನು ಸುತ್ತದಿದ್ದರೆ ಕೋಣೆಯ ಬಿಸಿ ವೈರಿನ ಮೂಲಕವೇ ತುದಿಗೆ ಬರುತ್ತದೆ. ಪ್ಲಾಸ್ಟಿಕ್ ಪೈಪಿನ ಮೇಲೆ ಕಟ್ಟಿದರೆ ಅದು ಬ್ರೈನಿನ ಉಷ್ಣಾಂಶವೂ ಅಲ್ಲ, ಕೋಣೆಯದ್ದೂ ಅಲ್ಲ, ನಡುವಿನದ್ದೇನೋ.

ಶಾಖದ ಲೆಕ್ಕಕ್ಕೆ ಮಾತ್ರ ಇಎನ್ 1434 (ಹೀಟ್ ಮೀಟರ್‌ಗಳ ಯುರೋಪಿಯನ್ ಮಾನದಂಡ) ಪ್ರಕಾರದ ಹೀಟ್ ಮೀಟರನ್ನೇ ಹಾಕಿ, ಕಾರ್ಖಾನೆಯಲ್ಲೇ ಜೋಡಿ ಮಾಡಿದ ಪಿಟಿ500 ಅಥವಾ ಪಿಟಿ1000 ಸೆನ್ಸರ್ (ಉಷ್ಣಾಂಶಕ್ಕೆ ತಕ್ಕಂತೆ ಓಮ್ ಬದಲಾಗುವಂಥದ್ದು) ಜೊತೆ ಬರುವಂಥದ್ದು. ಕೂಡಿಸುವಾಗ ಈ ತಪ್ಪುಗಳಾಗದಂತೆ ನೋಡಿಕೊಳ್ಳಿ:

ಎರಡು ವೈರಿನ ಸೆನ್ಸರ್ ಆಗಿದ್ದರೆ ಒಂದರ ವೈರ್ ಉದ್ದವಾಯಿತು ಅಂತ ಕತ್ತರಿಸಬೇಡಿ. 0.5 ಚದರ ಮಿ.ಮೀ. ವೈರಿನಲ್ಲಿ 1 ಮೀಟರ್ ಹೋಗಿ ಬರುವಷ್ಟಕ್ಕೆ ಸುಮಾರು 0.07 ಓಮ್. ಪಿಟಿ100ರಲ್ಲಿ ಅದು 0.18 ಡಿಗ್ರಿ, ಪಿಟಿ500ರಲ್ಲಿ 0.04 ಡಿಗ್ರಿ. ಮಿಕ್ಕಿದ್ದನ್ನು ಸುರುಳಿ ಸುತ್ತಿ ಇಡಿ.

ಹರಿವಿನ ಭಾಗ ಸಪ್ಲೈಗೋ ರಿಟರ್ನ್‌ಗೋ ಎನ್ನುವುದು ಮೀಟರ್ ಮೇಲೆಯೇ ಬರೆದಿರುತ್ತದೆ. ಅದಲುಬದಲಾದರೆ ನೀರಿನ ಸಾಂದ್ರತೆಯ ಲೆಕ್ಕ ತಪ್ಪುತ್ತದೆ. ಸೆನ್ಸರ್‌ಗಳೇ ಅದಲುಬದಲಾದರೆ ಶಾಖದ ರಿಜಿಸ್ಟರ್ ಮೇಲೇಳುವುದೇ ಇಲ್ಲ, ಅಥವಾ ಎಲ್ಲ ಕೂಲಿಂಗ್ ರಿಜಿಸ್ಟರಿಗೆ ಹೋಗುತ್ತದೆ.

ಗಾತ್ರ: ಗಂಟೆಗೆ 1.5 ಘನ ಮೀಟರ್ ಹರಿವಿಗೆ ಕ್ಯೂಪಿ (ಮೀಟರಿನ ನಾಮಿಕ ಹರಿವು) 1.5ರ ಮೀಟರ್ ಸಾಕು ಅನ್ನಿಸುತ್ತದೆ. ನಾಮಿಕ ಹರಿವಿನಲ್ಲಿ ಮೀಟರ್ 0.25 ಬಾರ್‌ವರೆಗೆ ಒತ್ತಡ ತಿನ್ನಲು ಇಎನ್ 1434 ಬಿಡುತ್ತದೆ, ಅಂದರೆ 2.5 ಮೀಟರ್ ಎತ್ತರದ ನೀರಿನ ಒತ್ತಡ. ಕ್ಯೂಪಿ 2.5 ಹಾಕಿದರೆ ಅದೇ ಹರಿವಿಗೆ 0.09 ಬಾರ್. ಅಳೆಯಲು ಹೋಗಿ ಪಂಪಿನ ಮೇಲೆ ಹೊರೆ ಹಾಕಿದಂತೆ ಆಗಬಾರದು.

ಅಲ್ಟ್ರಾಸಾನಿಕ್ ಮೀಟರ್ ಒಳ್ಳೆಯದು. ಅಯಸ್ಕಾಂತದ ರೆಕ್ಕೆಯ ಮೀಟರಿನಲ್ಲಿ ಕಬ್ಬಿಣದ ಕಪ್ಪು ಕೆಸರು ಹಿಡಿದು ನಿಧಾನಕ್ಕೆ ಕಡಿಮೆ ಓದತೊಡಗುತ್ತದೆ. ಅಲ್ಟ್ರಾಸಾನಿಕ್‌ನದ್ದು ಒಂದೇ ತಕರಾರು, ಗಾಳಿ. ಪೈಪಿನ ಅತಿ ಎತ್ತರದ ಜಾಗದಲ್ಲಿ ಹಾಕಬೇಡಿ. ಹರಿವಿನ ಓದು ಆಗಾಗ ಸೊನ್ನೆಗೆ ಬಿದ್ದು ಏಳುತ್ತಿದ್ದರೆ ಗುಳ್ಳೆ ಹೋಗುತ್ತಿದೆ ಎಂದರ್ಥ.

ಬ್ರೈನ್ ಕಡೆಗೆ ನೀರಿನ ಹೀಟ್ ಮೀಟರ್ ಹಾಕಬೇಡಿ. ಶೇ 25ರ ಪ್ರೊಪಿಲೀನ್ ಗ್ಲೈಕಾಲ್ ಒಂದು ಲೀಟರಿಗೆ ಹೊರುವ ಶಾಖ ನೀರಿಗಿಂತ ಸುಮಾರು ಶೇ 4 ಕಡಿಮೆ, ಶೇ 30ರ ಎಥಿಲೀನ್ ಗ್ಲೈಕಾಲ್ ಶೇ 8–9 ಕಡಿಮೆ. ಇದನ್ನು ಲೆಕ್ಕದಲ್ಲಿ ಸರಿ ಮಾಡಬಹುದು. ಆದರೆ 0 ಡಿಗ್ರಿಯಲ್ಲಿ ಅದು ನೀರಿನ ಎರಡು ಪಟ್ಟಿಗಿಂತ ಹೆಚ್ಚು ಮಂದ, ಹರಿವಿನ ಓದೇ ಜಾರುತ್ತದೆ. ಬೇಕೇ ಬೇಕೆಂದರೆ ಗ್ಲೈಕಾಲಿನ ಬಗೆ ಮತ್ತು ಪ್ರಮಾಣ ಸೆಟ್ ಮಾಡಲು ಬರುವ ಮೀಟರ್ ತೆಗೆದುಕೊಳ್ಳಿ, ಪ್ರಮಾಣವನ್ನು ರಿಫ್ರಾಕ್ಟೋಮೀಟರಿನಲ್ಲಿ ನೋಡಿ ಹಾಕಿ.

---

ಮೋಡ್‌ಬಸ್85 ಉತ್ತರ:

ಕರೆಂಟ್ ಕಡೆಯದ್ದು ಚಿಕ್ಕದಾಗಿ. ಸಿಟಿ ಕ್ಲಾಂಪ್ ಒಂದೇ ಇದ್ದರೆ ಅದು ಆಂಪಿಯರ್ ಮಾತ್ರ ಹೇಳುತ್ತದೆ. 230 ವೋಲ್ಟ್ ಅಂತ ಗುಣಿಸಿದರೆ ಪವರ್ ಫ್ಯಾಕ್ಟರ್ ಬಿಟ್ಟುಹೋಗುತ್ತದೆ. ಸರ್ಕ್ಯುಲೇಶನ್ ಪಂಪ್ ಮಾತ್ರ ಓಡುವಾಗ ಎರಡು ಪಟ್ಟು ತಪ್ಪೂ ಬರಬಹುದು. ವೋಲ್ಟೇಜನ್ನೂ ಅಳೆದು ನಿಜವಾದ ವ್ಯಾಟ್ ಎಣಿಸುವ ಡಿನ್ ರೈಲ್ ಮೀಟರ್ ಹಾಕಿ, ನಿಖರತೆ ಎಂಐಡಿ (ಯುರೋಪಿನ ಮೀಟರ್ ನಿಯಮ) ಕ್ಲಾಸ್ ಬಿ ಇದ್ದರೆ ಸಾಕು. ಮೇನ್ಸ್ ಬೋರ್ಡಿನ ಒಳಗಿನ ಕೆಲಸ ಎಲೆಕ್ಟ್ರಿಷಿಯನ್‌ದು.

ಓದುವುದಕ್ಕೆ ಎರಡು ದಾರಿ. ಪಲ್ಸ್ ಔಟ್‌ಪುಟ್ ಆದರೆ ಸಾಮಾನ್ಯವಾಗಿ ಯೂನಿಟ್ಟಿಗೆ 1000 ಪಲ್ಸ್, ಅಂದರೆ ಒಂದಕ್ಕೆ 1 ವ್ಯಾಟ್-ಗಂಟೆ. ಆರ್‌ಎಸ್-485 ಮೋಡ್‌ಬಸ್ (ಹಲವು ಮೀಟರ್‌ಗಳನ್ನು ಒಂದೇ ವೈರಿನಲ್ಲಿ ಓದುವ ವಿಧಾನ) ಆದರೆ ವೈರಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್, ಪ್ರತಿ ಮೀಟರಿಗೂ ಬೇರೆ ವಿಳಾಸ. ಹೀಟ್ ಮೀಟರಿಗೆ ಅಂಥದ್ದೇ ಎಂ-ಬಸ್, ಸಾಮಾನ್ಯವಾಗಿ 2400 ಬಾಡ್.

ಎಲ್ಲರೂ ಎಡವುವ ಜಾಗ ಇದು: ಕ್ಷಣದ ಕಿಲೋವ್ಯಾಟ್ ಓದುಗಳನ್ನು ಕೂಡಿಸಿ ತಿಂಗಳ ಶಾಖ ತೆಗೆಯಬೇಡಿ. ಮೀಟರಿನ ಒಟ್ಟು ಯೂನಿಟ್ ರಿಜಿಸ್ಟರನ್ನೇ ದಾಖಲಿಸಿ, ತಿಂಗಳ ಕೊನೆಯದರಿಂದ ಮೊದಲಿನದನ್ನು ಕಳೆಯಿರಿ. ನಡುವೆ ಎರಡು ದಿನ ಲಾಗರ್ ಕೆಟ್ಟು ನಿಂತಿದ್ದರೂ ಮೊತ್ತ ಸರಿಯಿರುತ್ತದೆ. ಕ್ಷಣದ ಓದು ಬೇಕಾಗುವುದು ರೋಗ ಪತ್ತೆಗೆ ಮಾತ್ರ. ನಿಮಿಷಕ್ಕೊಂದು ಸಾಲು ಸಾಕು, ವರ್ಷಕ್ಕೆ 5,25,600 ಸಾಲು. ಏನೋ ವಿಚಿತ್ರ ಕಂಡಾಗ ಒಂದು ದಿನ 10 ಸೆಕೆಂಡಿಗೆ ಇಳಿಸಿ. ಸಮಯವನ್ನು ಯುಟಿಸಿಯಲ್ಲಿ ಬರೆಯಿರಿ, ಗಡಿಯಾರವನ್ನು ಎನ್‌ಟಿಪಿಗೆ (ಇಂಟರ್ನೆಟ್ಟಿನ ಸಮಯಕ್ಕೆ) ಕಟ್ಟಿ.

ಹೀಟ್ ಮೀಟರ್ ಬ್ಯಾಟರಿಯದ್ದಾದರೆ ನಿಮಿಷಕ್ಕೊಮ್ಮೆ ಕೇಳುತ್ತ ಕೂತರೆ ಬ್ಯಾಟರಿ ಬೇಗ ಖಾಲಿ. ಮೇಲಾಗಿ ಬ್ಯಾಟರಿ ಉಳಿಸಲು ಅದು ಉಷ್ಣಾಂಶವನ್ನು ಬಿಟ್ಟು ಬಿಟ್ಟು ನೋಡುತ್ತದೆ. ಕಂಪ್ರೆಸರ್ ಪದೇ ಪದೇ ಶುರುವಾಗಿ ನಿಲ್ಲುವ ಮನೆಯಲ್ಲಿ ಇದೇ ಒಂದು ತಪ್ಪು. ಮೇನ್ಸ್ ಮಾಡ್ಯೂಲ್ ಇರುವುದನ್ನೇ ತೆಗೆದುಕೊಳ್ಳಿ. ಪಲ್ಸ್‌ನಲ್ಲಿ ಹರಿವು ಓದುವವರು ಪಲ್ಸ್ ತೂಕವನ್ನು ನೋಡಿ: ಪಲ್ಸ್‌ಗೆ 10 ಲೀಟರ್ ಆದರೆ 25 ಲೀಟರ್ ಹರಿವಿಗೆ ನಿಮಿಷಕ್ಕೆ ಎರಡೋ ಮೂರೋ ಪಲ್ಸ್, ಗ್ರಾಫ್ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಅದು ಪಂಪಿನ ದೋಷವಲ್ಲ.

---

ನೆಲಬಿಸಿ:

ಎಲ್ಲರಿಗೂ ಧನ್ಯವಾದ. ಕ್ಯೂಪಿ 2.5 ಅಲ್ಟ್ರಾಸಾನಿಕ್ ಮೀಟರ್, ಎರಡು ಎನರ್ಜಿ ಮೀಟರ್ ಕೂತಿವೆ. ಡಿಎಸ್18ಬಿ20ಗಳನ್ನು ಫ್ಲಾಸ್ಕಿನಲ್ಲಿ ಜೋಡಿ ಮಾಡಿ ಬ್ರೈನ್ ಕಡೆಯ ತಾಮ್ರದ ಪೈಪಿಗೆ ಹಾಕಿದೆ. 14 ದಿನದ ಡೇಟಾ, ಕಂಪ್ರೆಸರ್ ಶುರುವಾಗಿ 10 ನಿಮಿಷ ಆದ ಮೇಲಿನ ಸರಾಸರಿ:

ನೀರಿನ ಹರಿವು ನಿಮಿಷಕ್ಕೆ 24.5 ಲೀಟರ್, ಸಪ್ಲೈ 40.6, ರಿಟರ್ನ್ 36.0, ಶಾಖ 7.8 ಕಿಲೋವ್ಯಾಟ್
ಕಂಪ್ರೆಸರ್ 2.3 ಕಿಲೋವ್ಯಾಟ್, ಬ್ರೈನ್ ಪಂಪ್ 110 ವ್ಯಾಟ್
ಬ್ರೈನ್ ಒಳಗೆ ಬರುವುದು 3.1, ಹೊರಗೆ ಹೋಗುವುದು −2.6
ಕಂಟ್ರೋಲರ್ ಮೆನುವಿನಲ್ಲಿ ಇವಾಪರೇಶನ್ (ಯಂತ್ರದೊಳಗಿನ ಗ್ಯಾಸ್ ಆವಿಯಾಗುವ ಉಷ್ಣಾಂಶ) −7, ಸೂಪರ್‌ಹೀಟ್ (ಆವಿಯಾದ ಮೇಲೆ ಗ್ಯಾಸ್ ಇನ್ನೂ ಬಿಸಿಯಾದದ್ದು) 6 ಡಿಗ್ರಿ
ದಿನಕ್ಕೆ 41 ಸ್ಟಾರ್ಟ್, ಸರಾಸರಿ 12 ನಿಮಿಷ ಓಟ
ಇಮ್ಮರ್ಶನ್ ಹೀಟರ್ 14 ದಿನಕ್ಕೆ 37 ಯೂನಿಟ್

ಕಂಪ್ರೆಸರ್ ಮಾತ್ರ ಲೆಕ್ಕಕ್ಕೆ ಹಿಡಿದರೂ 7.8/2.3 = 3.39. ಪರದೆ ಈಗಲೂ 4.6 ಅನ್ನುತ್ತಿದೆ! ಬ್ರೈನ್ ಹರಿವಿಗೆ ಮೀಟರ್ ಇಲ್ಲ. ತೊಂದರೆ ಬೋರಿನದ್ದೋ ಯಂತ್ರದ್ದೋ?

---

ಬೋರ್‌ಲೂಪ್ ಉತ್ತರ:

ಎರಡೂ ಅಲ್ಲ ಅನ್ನಿಸುತ್ತದೆ, ನಡುವಿನ ಪೈಪಿನದ್ದು. ನಿಮ್ಮ ಸಂಖ್ಯೆಗಳೇ ಅದನ್ನು ಹೇಳುತ್ತಿವೆ.

ಮೀಟರ್ ಇಲ್ಲದಿದ್ದರೂ ಬ್ರೈನ್ ಹರಿವು ತೆಗೆಯಬಹುದು. ಹೊರಬಂದ ಶಾಖ 7.8, ಒಳಹೋದ ಕರೆಂಟ್ 2.3, ಮಿಕ್ಕ 5.5 ಕಿಲೋವ್ಯಾಟ್ ನೆಲದಿಂದ ಬರಬೇಕು (ಯಂತ್ರದ ಹೊರಕವಚದಿಂದ ಸೋರುವ ಸ್ವಲ್ಪವನ್ನು ಬಿಟ್ಟಿದ್ದೇನೆ). ನಿಮ್ಮ ಗ್ಲೈಕಾಲಿಗೆ 1.16ರ ಬದಲು 1.11 ಹಿಡಿಯಿರಿ. ಡೆಲ್ಟಾ-ಟಿ 5.7. ಹರಿವು = 5.5 / (1.11 × 5.7) = ಗಂಟೆಗೆ 0.87 ಘನ ಮೀಟರ್, ಅಂದರೆ ನಿಮಿಷಕ್ಕೆ 14.5 ಲೀಟರ್. ಡೆಲ್ಟಾ-ಟಿ 3ರ ಹತ್ತಿರ ಇರಬೇಕಾದರೆ 27ರಿಂದ 30 ಲೀಟರ್ ಬೇಕಿತ್ತು. ಅರ್ಧವೇ ಓಡುತ್ತಿದೆ.

ಕಾರಣ ಹುಡುಕಲು ಪಂಪಿನ 110 ವ್ಯಾಟ್ ನೋಡಿ. ವೇಗ ತಗ್ಗಿಸಿದ ಪಂಪ್ ಅರ್ಧ ಹರಿವಿಗೆ ಬಂದಿದ್ದರೆ ಅದರ ಕರೆಂಟ್ ಎಂಟನೇ ಒಂದು ಭಾಗಕ್ಕೆ, 20 ವ್ಯಾಟ್ ಆಸುಪಾಸಿಗೆ ಇಳಿಯಬೇಕಿತ್ತು. ಇದು ಪೂರ್ತಿ ವೇಗದಲ್ಲೇ ತಿರುಗುತ್ತಿದೆ, ಎಲ್ಲೋ ಕಟ್ಟಿಕೊಂಡಿದೆ. ಕಟ್ಟಿಕೊಂಡಾಗ ಇಂಥ ಪಂಪಿನ ಕರೆಂಟ್ ಸ್ವಲ್ಪ ಮಾತ್ರ ಇಳಿಯುತ್ತದೆ. ಗಾಳಿ ಇದ್ದಿದ್ದರೆ ಸದ್ದು ಬರುತ್ತಿತ್ತು, ವ್ಯಾಟ್ ಏರಿಳಿಯುತ್ತಿತ್ತು.

ಯಂತ್ರ ಚೆನ್ನಾಗಿದೆ ಎನ್ನಲು ಎರಡು ಸಾಕ್ಷಿ. ಹೊರಹೋಗುವ ಬ್ರೈನ್ −2.6, ಇವಾಪರೇಶನ್ −7, ಅಂತರ 4.4 ಡಿಗ್ರಿ. ಪ್ಲೇಟ್ ಎಕ್ಸ್‌ಚೇಂಜರಿಗೆ (ಬ್ರೈನಿನ ಶಾಖವನ್ನು ಗ್ಯಾಸಿಗೆ ದಾಟಿಸುವ ಭಾಗ) ಇದು ಸರಿಯಾದದ್ದೇ. ಅದು ಕೊಳಕಾಗಿದ್ದರೆ ಅಂತರ 8–10 ಆಗುತ್ತಿತ್ತು. ಸೂಪರ್‌ಹೀಟ್ 6 ಕೂಡ ಸರಿ. ಗ್ಯಾಸ್ ಸೋರಿದ್ದರೆ ಸೂಪರ್‌ಹೀಟ್ ಏರಿ, ಯಂತ್ರ ನೆಲದಿಂದ ಶಾಖ ಎಳೆಯಲಾರದೆ ಬ್ರೈನ್ ಡೆಲ್ಟಾ-ಟಿ *ಕುಗ್ಗುತ್ತಿತ್ತು*. ನಿಮ್ಮದು ಹಿಗ್ಗಿದೆ. ಬ್ರೈನ್ ಡೆಲ್ಟಾ-ಟಿ ಹಿಗ್ಗಿದರೆ ಹರಿವನ್ನು ನೋಡಿ, ಕುಗ್ಗಿದರೆ ಯಂತ್ರವನ್ನು ನೋಡಿ.

ಹರಿವು ಅರ್ಧವಾದರೆ ನಷ್ಟ ಎರಡು ಕಡೆ. ಇವಾಪರೇಶನ್ ಉಷ್ಣಾಂಶ ಇಳಿಯುತ್ತದೆ, ಅದು ಕಾಣುವಂಥದ್ದು. ಕಾಣದ್ದು ಬೋರಿನೊಳಗೆ. 14.5 ಲೀಟರ್ ಎರಡು ಲೂಪಿಗೆ ಹಂಚಿದರೆ ತಲಾ 7.25. ಪೈಪಿನ ಒಳವ್ಯಾಸ 32.6 ಮಿ.ಮೀ., ವೇಗ ಸೆಕೆಂಡಿಗೆ 0.14 ಮೀಟರ್. ಅಷ್ಟು ತಣ್ಣನೆಯ ಗ್ಲೈಕಾಲಿಗೆ ರೆನಾಲ್ಡ್ಸ್ ಸಂಖ್ಯೆ (ಹರಿವು ಎಷ್ಟು ಕಲಕುತ್ತದೆ ಎನ್ನುವ ಅಳತೆ) 1200ರ ಆಸುಪಾಸು. ಪೂರ್ತಿ ಪದರಪದರವಾದ ಹರಿವು, ಪೈಪಿನ ಗೋಡೆಯ ಹತ್ತಿರದ ದ್ರವ ಬಿಸಿಯಾಗುತ್ತದೆ, ನಡುವಿನದ್ದು ತಣ್ಣಗೇ ಹೋಗಿ ತಣ್ಣಗೇ ಬರುತ್ತದೆ. 30 ಲೀಟರಿಗೆ ಏರಿದರೆ 2400 ದಾಟುತ್ತದೆ, ಅಲ್ಲಿ ಹರಿವು ಕಲಕಲು ಶುರು.

ಮೊದಲು ಬ್ರೈನ್ ಪೈಪಿನ ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ತೆಗೆಯಿರಿ. ಯಂತ್ರ ನಿಲ್ಲಿಸಿ ಮೇನ್ಸ್ ತೆಗೆಯಿರಿ. ಸ್ಟ್ರೈನರಿನ ಎರಡೂ ಕಡೆಯ ವಾಲ್ವ್ ಮುಚ್ಚಿ. ಕೆಳಗೆ ಬೋಗುಣಿ ಇಟ್ಟು ಮುಚ್ಚಳವನ್ನು ನಿಧಾನಕ್ಕೆ ಸಡಿಲಿಸಿ, ಗ್ಲೈಕಾಲನ್ನು ಚರಂಡಿಗೆ ಬಿಡಬೇಡಿ. ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ, ಬ್ರಷ್‌ನಿಂದ ತೊಳೆದು ಹಾಕಿ, ಗಾಳಿ ಬಿಟ್ಟು, ಒತ್ತಡವನ್ನು ಮೊದಲಿದ್ದಷ್ಟಕ್ಕೆ ತನ್ನಿ. ಒತ್ತಡ ಸರಿ ಮಾಡಲು ಬರೀ ನೀರು ಹಾಕಬೇಡಿ, ಅದೇ ಪ್ರಮಾಣದ ಮಿಶ್ರಣ ಹಾಕಿ. ಶೇ 25 ಗ್ಲೈಕಾಲ್ −10 ಡಿಗ್ರಿಗೆ ಹೆಪ್ಪುಗಟ್ಟತೊಡಗುತ್ತದೆ. ನಿಮ್ಮ ಇವಾಪರೇಶನ್ ಈಗಾಗಲೇ −7, ಅಂತರ ತೀರ ಕಡಿಮೆ.

ಸ್ಟ್ರೈನರ್ ಶುಚಿಯಾಗಿಯೇ ಇದ್ದರೆ ಆಗ ಗಾಳಿ ಹೊರಹಾಕುವ ಕೆಲಸ. ಅದಕ್ಕೆ ಲೂಪಿನೊಳಗೆ ಸೆಕೆಂಡಿಗೆ 0.6 ಮೀಟರ್ ವೇಗ ಬೇಕು, ನಿಮ್ಮ ಪೈಪಿಗೆ ಲೂಪ್ ಒಂದಕ್ಕೆ ನಿಮಿಷಕ್ಕೆ 30 ಲೀಟರ್. ಯಂತ್ರದ ಪಂಪಿನಿಂದ ಆಗುವುದಿಲ್ಲ, ಫ್ಲಶಿಂಗ್ ಪಂಪ್ ತಂದು ಒಂದೊಂದೇ ಲೂಪ್ ಮಾಡಬೇಕು.

---

ಅಳತೆಗೋಲು ಉತ್ತರ:

ಬ್ರೈನ್ ಮಾತು ಮುಗಿಯಿತು. ಉಳಿದ ಎರಡು ಸಂಖ್ಯೆ ನನಗೆ ಬಿಡಿ.

37 ಯೂನಿಟ್ ಹೀಟರ್. ವಾರಕ್ಕೊಮ್ಮೆ ಲೆಜಿಯೊನೆಲ್ಲಾ (ಟ್ಯಾಂಕಿನ ನೀರಿನಲ್ಲಿ ಬೆಳೆಯುವ ರೋಗಾಣು) ತಡೆಯಲು 200 ಲೀಟರನ್ನು 50ರಿಂದ 60 ಡಿಗ್ರಿಗೆ ಏರಿಸಲು 2.3 ಯೂನಿಟ್ ಸಾಕು, ಎರಡು ವಾರಕ್ಕೆ 4.6. ಉಳಿದ 32 ಯೂನಿಟ್‌ಗೆ ಕಾರಣ ಬೇರೆ. 32ನ್ನು 14ರಿಂದ ಭಾಗಿಸಿದರೆ ದಿನಕ್ಕೆ 2.3. ಅಂದರೆ ಪ್ರತಿದಿನವೂ ಟ್ಯಾಂಕಿನ ಕೊನೆಯ 10 ಡಿಗ್ರಿಯನ್ನು ಹೀಟ್ ಪಂಪ್ ಬದಲು ಹೀಟರ್ ಏರಿಸುತ್ತಿರುವಂತಿದೆ. ಹೀಟರ್ ಆನ್ ಆಗುವ ಹೊತ್ತು ಮತ್ತು ಮೂರು ದಾರಿಯ ವಾಲ್ವಿನ ಹೊತ್ತು ಪಕ್ಕಪಕ್ಕ ಇಟ್ಟು ನೋಡಿ. ಟ್ಯಾಂಕ್ ಬಿಸಿ ಮಾಡುವ ಕೊನೆಯಲ್ಲೇ ಬರುತ್ತಿದ್ದರೆ ಗುರಿ ಉಷ್ಣಾಂಶ ಯಂತ್ರದ ಕೈಗೆ ಮೀರಿದ್ದು. 48–50ಕ್ಕೆ ಇಳಿಸಿ, ವಾರದ 60ರ ಸುತ್ತನ್ನು ಮಾತ್ರ ಹೀಟರಿಗೆ ಬಿಡಿ. ಆ ಸುತ್ತನ್ನು ನಿಲ್ಲಿಸಬೇಡಿ.

41 ಸ್ಟಾರ್ಟ್. ನಿಮ್ಮ 50 ಲೀಟರ್ ಬಫರನ್ನು 5 ಡಿಗ್ರಿ ಏರಿಸಲು 0.29 ಯೂನಿಟ್. ಮನೆ 4 ಕಿಲೋವ್ಯಾಟ್ ಎಳೆಯುತ್ತಿದ್ದು ಯಂತ್ರ 7.8 ಕೊಟ್ಟರೆ ನಾಲ್ಕೂವರೆ ನಿಮಿಷಕ್ಕೆ ಬಫರ್ ತುಂಬಿತು. ಕೋಣೆಗಳ ಥರ್ಮೋಸ್ಟಾಟ್ ಒಂದೊಂದಾಗಿ ಮುಚ್ಚಿದಂತೆ ಇನ್ನೂ ಬೇಗ. ದೊಡ್ಡ ಬಫರ್ ಕೊಳ್ಳುವ ಮೊದಲು ಕಾಸಿಲ್ಲದ ಕೆಲಸ ಮಾಡಿ: ದೊಡ್ಡ ಎರಡು ಕೋಣೆಗಳ ವಾಲ್ವ್ ಸದಾ ತೆರೆದಿರಲಿ, ಕಂಪ್ರೆಸರ್ ಆನ್-ಆಫ್ ಅಂತರ ಹಿಗ್ಗಿಸಿ, ಹೀಟಿಂಗ್ ಕರ್ವ್ (ಹೊರಗಿನ ಚಳಿಗೆ ತಕ್ಕಂತೆ ಸಪ್ಲೈ ಉಷ್ಣಾಂಶ ನಿಗದಿ ಮಾಡುವ ಸೆಟ್ಟಿಂಗ್) ಇಳಿಸಿ. ನೆಲದಡಿ ಪೈಪಿಗೆ 40.6 ಹೆಚ್ಚಾಯಿತು. ಸಪ್ಲೈ ಒಂದು ಡಿಗ್ರಿ ಇಳಿದರೆ ಸಿಒಪಿ ಶೇ 2–2.5 ಏರುತ್ತದೆ. ದಿನಕ್ಕೆ ಅರ್ಧ ಡಿಗ್ರಿಯಂತೆ ಇಳಿಸುತ್ತ ಹೋಗಿ, ಯಾವುದಾದರೂ ಕೋಣೆ ತಣ್ಣಗಾದಾಗ ಒಂದು ಡಿಗ್ರಿ ಹಿಂದಕ್ಕೆ ಬನ್ನಿ.

ಮೂರನೇ ಪ್ರಶ್ನೆ, ಡೇಟಾದಲ್ಲಿ ಏನು ನೋಡಬೇಕು ಎಂದಿರಿ. ದಿನದಿನದ ಸಿಒಪಿ ನೋಡುತ್ತ ಕೂರಬೇಡಿ, ಹವೆ ಬದಲಾದರೆ ಅದೂ ಬದಲಾಗುತ್ತದೆ. ಒಂದೇ ಗ್ರಾಫ್ ಇಟ್ಟುಕೊಳ್ಳಿ: ಅಡ್ಡಕ್ಕೆ ಸಪ್ಲೈ ಉಷ್ಣಾಂಶದಿಂದ ಒಳಬರುವ ಬ್ರೈನ್ ಉಷ್ಣಾಂಶ ಕಳೆದದ್ದು, ಉದ್ದಕ್ಕೆ ಆ ಹೊತ್ತಿನ ಸಿಒಪಿ. ಪ್ರತಿ ಓಟಕ್ಕೂ ಒಂದು ಚುಕ್ಕೆ. ಚುಕ್ಕೆಗಳೆಲ್ಲ ಬಲಕ್ಕೆ ಇಳಿಯುವ ಒಂದು ಪಟ್ಟಿಯಾಗಿ ಕೂರುತ್ತವೆ. ಮುಂದಿನ ವರ್ಷ ಚುಕ್ಕೆಗಳು ಅದೇ ಪಟ್ಟಿಯಲ್ಲಿ ಬಲಕ್ಕೆ ಜಾರಿದ್ದರೆ ಯಂತ್ರ ಚೆನ್ನಾಗಿದೆ, ನೆಲ ತಣ್ಣಗಾಗಿದೆ ಅಥವಾ ಯಾರೋ ಕರ್ವ್ ಏರಿಸಿದ್ದಾರೆ. ಪಟ್ಟಿಯೇ ಕೆಳಗಿಳಿದಿದ್ದರೆ ತೊಂದರೆ ಯಂತ್ರದ್ದು ಅಥವಾ ಹರಿವಿನದ್ದು. ಜಗಳ ಬೋರಿನವರ ಜೊತೆಯೋ ಯಂತ್ರದವರ ಜೊತೆಯೋ ಎನ್ನುವುದು ಅಲ್ಲೇ ತಿಳಿಯುತ್ತದೆ.

ನೆಲಕ್ಕೆ ಬೇರೊಂದು ದಾಖಲೆ. ಒಳಬರುವ ಬ್ರೈನಿನ ತಿಂಗಳ ಸರಾಸರಿ, ಕಂಪ್ರೆಸರ್ 10 ನಿಮಿಷ ಓಡಿದ ಮೇಲಿನ ಓದುಗಳದ್ದು ಮಾತ್ರ. ನಿಂತ ಪೈಪಿನ ಓದು ಸೇರಿದರೆ ಕೋಣೆಯ ಉಷ್ಣಾಂಶ ಕಲಸುತ್ತದೆ. ಅದರ ಪಕ್ಕದಲ್ಲೇ ಆ ತಿಂಗಳು ನೆಲದಿಂದ ತೆಗೆದ ಯೂನಿಟ್. ಮೊದಲ ಕೆಲವು ವರ್ಷ ಸ್ವಲ್ಪ ಸ್ವಲ್ಪ ಇಳಿಯುವುದು ಸಹಜ, ಇಳಿತ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಬೇಕು. ತೆಗೆದ ಯೂನಿಟ್ ಅಷ್ಟೇ ಇದ್ದು ಇಳಿತ ಹಾಗೇ ಮುಂದುವರಿದರೆ ಬೋರಿನ ಉದ್ದ ಸಾಲದು.

---

ನೆಲಬಿಸಿ:

ಸ್ಟ್ರೈನರ್ ತೆಗೆದಾಯಿತು. ಜಾಲರಿಯ ಮುಕ್ಕಾಲು ಭಾಗ ಮುಚ್ಚಿಹೋಗಿತ್ತು, ಪಿಇ ಪೈಪ್ ಕತ್ತರಿಸಿದಾಗಿನ ಕಪ್ಪು ಸುರುಳಿ ಚೂರುಗಳು, ಜೊತೆಗೆ ಒಂದಿಷ್ಟು ಸೀಲಿಂಗ್ ದಾರ. ತೊಳೆದು ಹಾಕಿ ಗಾಳಿ ಬಿಟ್ಟ ಮೇಲಿನ ಮೂರು ದಿನದ ಸರಾಸರಿ: ಬ್ರೈನ್ ಒಳಗೆ 4.0, ಹೊರಗೆ 0.8, ಪಂಪ್ 138 ವ್ಯಾಟ್, ಇವಾಪರೇಶನ್ −3.4, ಶಾಖ 8.5, ಕಂಪ್ರೆಸರ್ 2.25. ಸಿಒಪಿ 3.78. ಕರ್ವ್ ಇನ್ನೂ ಮುಟ್ಟಿಲ್ಲ. ಹೀಟರ್ ಆನ್ ಆಗುವುದು ಟ್ಯಾಂಕ್ ಸುತ್ತಿನ ಕೊನೆಯಲ್ಲೇ, ನೀವು ಹೇಳಿದ ಹಾಗೆ. ಗುರಿ 55 ಇತ್ತು, 49ಕ್ಕೆ ತಂದಿದ್ದೇನೆ.

---

ಬೋರ್‌ಲೂಪ್ ಉತ್ತರ:

6.25 / (1.11 × 3.2) = 1.76, ನಿಮಿಷಕ್ಕೆ 29 ಲೀಟರ್. ಸರಿಹೋಯಿತು. ಪಂಪಿನ 138 ವ್ಯಾಟ್ ಮತ್ತು ಡೆಲ್ಟಾ-ಟಿ 3.2 ಎರಡನ್ನೂ ಬರೆದಿಟ್ಟು ಅಲಾರಂ ಹಾಕಿ: ಡೆಲ್ಟಾ-ಟಿ 4.2 ದಾಟಿದರೆ ಅಥವಾ ಪಂಪ್ 125ಕ್ಕಿಂತ ಕೆಳಗಿಳಿದರೆ ಸಂದೇಶ ಬರಲಿ. ಹರಿವು ಹೆಚ್ಚಿದ್ದರಿಂದ ಬೋರಿನ ತಳದಲ್ಲಿ ಉಳಿದ ಚೂರುಗಳೂ ಈಗ ಮೇಲೆ ಬರುತ್ತವೆ. ಎರಡು ವಾರ ಬಿಟ್ಟು ಸ್ಟ್ರೈನರನ್ನು ಇನ್ನೊಮ್ಮೆ ತೆಗೆಯಿರಿ. ಕರ್ವ್ ಇಳಿಸುವುದನ್ನು ಅದಾದ ಮೇಲೆಯೇ ಶುರುಮಾಡಿ, ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಎಷ್ಟು ಬಂತು ಎನ್ನುವುದು ಗ್ರಾಫಿನಲ್ಲಿ ಸಿಗುವುದಿಲ್ಲ.